ಕ್ಯಾನ್ಸರ್ ಕೋಶವನ್ನು ನಮ್ಮ ದೇಹ ಗುರುತಿಸುವುದು ಹೇಗೆ? ಒಂದು ಅಗುಳಿನ ಲೆಕ್ಕ

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ಸಾಕು, ಮೂರನೇ ದಿನಕ್ಕೆಲ್ಲ ಅಡುಗೆಮನೆಯ ಕಟ್ಟೆ ತುಂಬಿರುತ್ತದೆ. ಅಮೃತಬಳ್ಳಿ ಕಷಾಯ, ಅರಿಶಿನದ ಹಾಲು, ಯಾರೋ ನೆಂಟರು ತಂದುಕೊಟ್ಟ ನೋನಿ ರಸದ ಬಾಟಲಿ. ಜೊತೆಗೆ ವಾಟ್ಸಾಪ್‌ನಲ್ಲಿ ಬಂದ ನಾಲ್ಕು ವಿಡಿಯೊ. ಎಲ್ಲದರ ಹಿಂದೆ ಇರುವ ಮಾತು ಒಂದೇ: "ಇಮ್ಯುನಿಟಿ ಜಾಸ್ತಿ ಮಾಡ್ಕೊಂಡ್ರೆ ಕ್ಯಾನ್ಸರ್ ತಾನಾಗೇ ಹೋಗುತ್ತೆ." ಪ್ರೀತಿಯಿಂದ ಹೇಳುವ ಮಾತು, ಅದಕ್ಕೆ ತಕರಾರಿಲ್ಲ. ಆದರೆ ಇಮ್ಯುನಿಟಿ ಅಂದರೆ ತಾರಸಿ ಮೇಲಿನ ನೀರಿನ ಟ್ಯಾಂಕು ಅಲ್ಲ, ತುಂಬಿಸಿದಷ್ಟೂ ಒಳ್ಳೆಯದು ಅನ್ನೋಕೆ. (ಅಮೃತಬಳ್ಳಿ ಕುಡಿದವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳನ್ನು 2021ರಲ್ಲಿ ಮುಂಬೈನ ವೈದ್ಯರೇ ದಾಖಲಿಸಿದ್ದಾರೆ. ಅದು ಇರಲಿ.)

ಒಂದು ವಿಷಯ ಗಮನಿಸಿ. ಕ್ಯಾನ್ಸರ್ ಬಂದ ಎಷ್ಟೋ ಜನರಿಗೆ ರೋಗ ಗೊತ್ತಾಗುವ ಹಿಂದಿನ ವಾರ ನೆಗಡಿ ಬಂದು, ನಾಲ್ಕು ದಿನಕ್ಕೆ ವಾಸಿಯೂ ಆಗಿರುತ್ತದೆ. ಕೈಗೆ ಮುಳ್ಳು ಚುಚ್ಚಿದರೆ ಕೀವು ತುಂಬಿ, ಒಡೆದು, ಮಾಯುತ್ತದೆ. ಅಂದರೆ ಅವರ ರೋಗನಿರೋಧಕ ಶಕ್ತಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಹಾಗಿದ್ದರೆ ಹೊಟ್ಟೆಯಲ್ಲೋ ಶ್ವಾಸಕೋಶದಲ್ಲೋ ನಿಂಬೆಹಣ್ಣಿನ ಗಾತ್ರಕ್ಕೆ ಬೆಳೆದ ಗೆಡ್ಡೆ ಅದರ ಕಣ್ಣಿಗೆ ಯಾಕೆ ಬೀಳಲಿಲ್ಲ? ಶಕ್ತಿ ಸಾಲದೇ ಹೋಯಿತು ಅನ್ನುವುದಕ್ಕಿಂತ ಗುರುತು ಸಿಗಲಿಲ್ಲ, ಅಥವಾ ಗುರುತು ಸಿಕ್ಕಿಯೂ ಕೈ ಕಟ್ಟಿಹೋಯಿತು ಅನ್ನುವುದೇ ಹೆಚ್ಚು ಸರಿ. ಈ ಎರಡು ಮಾತುಗಳ ಸುತ್ತಲೇ ಕಳೆದ ಮೂವತ್ತು ವರ್ಷಗಳ ಕ್ಯಾನ್ಸರ್ ಸಂಶೋಧನೆಯ ದೊಡ್ಡ ಭಾಗ ಸುತ್ತುತ್ತಿದೆ.

ಬ್ಯಾಕ್ಟೀರಿಯಾ ಹೊರಗಿನದು. ಅದರ ಮೈಮೇಲಿನ ಸಕ್ಕರೆ, ಅದರ ಪ್ರೋಟೀನು, ಎಲ್ಲ ಬೇರೆ. ನಮ್ಮ ದೇಹಕ್ಕೆ ಅದು ಪರಊರಿನವನು, ನೋಡಿದ ಕೂಡಲೇ ಗೊತ್ತಾಗುತ್ತದೆ. ಕ್ಯಾನ್ಸರ್ ಹಾಗಲ್ಲ. ಅದು ನಮ್ಮದೇ ಕೋಶ. ನಮ್ಮದೇ ಡಿಎನ್‌ಎ, ನಮ್ಮದೇ ಪ್ರೋಟೀನು, ಅಲ್ಲಲ್ಲಿ ಒಂದೆರಡು ಅಕ್ಷರ ತಪ್ಪಿದೆ ಅಷ್ಟೆ. ಮನೆಯ ಮಗನೇ ದಾರಿ ತಪ್ಪಿದರೆ ಬಾಗಿಲಲ್ಲಿ ನಿಂತ ಕಾವಲುಗಾರ ಏನು ಮಾಡಬೇಕು? ದಿನಾ ನೋಡುವ ಮುಖ, ಸಲಾಂ ಹೊಡೆದು ಒಳಗೆ ಬಿಡುತ್ತಾನೆ.

ಇನ್ನೂ ಒಂದು ತೊಡಕಿದೆ. ಗೆಡ್ಡೆಯನ್ನು ಕೊಲ್ಲುವ ಮುಖ್ಯ ಕೆಲಸ ಟಿ ಕೋಶ ಎಂಬ ಬಿಳಿ ರಕ್ತಕಣಗಳದ್ದು. ಎದೆಮೂಳೆಯ ಹಿಂದೆ, ಹೃದಯದ ಮೇಲೆ ಕೂತ ಥೈಮಸ್ ಎಂಬ ಸಣ್ಣ ಗ್ರಂಥಿ ಇವುಗಳ ಪಾಠಶಾಲೆ. ಅಲ್ಲಿನ ಪರೀಕ್ಷೆ ಭಯಂಕರ. ಒಳಗೆ ಹೋದ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಕೋಶಗಳು ಅಲ್ಲೇ ಸಾಯುತ್ತವೆ. ಏನನ್ನೂ ಗುರುತಿಸಲಾಗದ ದಡ್ಡ ಕೋಶಗಳು ಸಾಯುತ್ತವೆ. ನಮ್ಮದೇ ಪ್ರೋಟೀನನ್ನು ನೋಡಿ ಮೈಮೇಲೆ ಬೀಳುವ ಅತಿ ಚುರುಕಿನವೂ ಸಾಯುತ್ತವೆ. ಇದು ಒಳ್ಳೆಯದೇ, ಇಲ್ಲದಿದ್ದರೆ ನಮ್ಮ ಕೀಲು, ಥೈರಾಯ್ಡ್, ಕರುಳು ಯಾವುದೂ ಉಳಿಯುತ್ತಿರಲಿಲ್ಲ. ಆದರೆ ಇದರ ಬೆಲೆಯೂ ಇದೆ. ನಮ್ಮದೇ ಕೋಶದಂತೆ ಕಾಣುವ ಕ್ಯಾನ್ಸರ್ ಮೇಲೆ ಬಲವಾಗಿ ಬೀಳಬಲ್ಲವರನ್ನು ನಾವೇ ಮೊದಲೇ ಶಾಲೆಯಿಂದ ಹೊರಗೆ ಹಾಕಿರುತ್ತೇವೆ.

ಹಾಗಾದರೆ ಉಳಿದವು ಏನನ್ನು ನೋಡಿ ಗುರುತಿಸುತ್ತವೆ?

ಅನ್ನ ಬೆಂದಿದೆಯಾ ಅಂತ ನೋಡೋಕೆ ಅಜ್ಜಿ ಇಡೀ ಪಾತ್ರೆ ಮಗುಚುವುದಿಲ್ಲ. ಒಂದು ಅಗುಳು ತೆಗೆದು ಹಿಚುಕುತ್ತಾಳೆ. ಟಿ ಕೋಶ ಮಾಡುವುದೂ ಇದನ್ನೇ, ಮತ್ತು ನನಗೆ ಇಡೀ ಕತೆಯಲ್ಲಿ ತುಂಬ ಇಷ್ಟವಾಗುವ ಭಾಗ ಇದು. ಟಿ ಕೋಶಕ್ಕೆ ಬೇರೆ ಕೋಶದ ಒಳಗೆ ಇಣುಕಿ ನೋಡಲು ಆಗುವುದಿಲ್ಲ. ಹಾಗಾಗಿ ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ತಾನು ಒಳಗೆ ಏನೇನು ತಯಾರಿಸುತ್ತಿದೆಯೋ ಅದರ ಸ್ಯಾಂಪಲ್ ತೆಗೆದು ಹೊರಗೆ ಇಡುತ್ತಿರುತ್ತದೆ. ಹಳೆಯ ಪ್ರೋಟೀನುಗಳನ್ನು ಕತ್ತರಿಸಿ, ಎಂಟರಿಂದ ಹತ್ತು ಅಮೈನೊ ಆಮ್ಲಗಳ ಉದ್ದದ ಚೂರು ಮಾಡಿ, ಎಂಎಚ್‌ಸಿ ಎಂಬ ಒಂದು ಪ್ರೋಟೀನಿನ ಬೊಗಸೆಯಲ್ಲಿಟ್ಟು ಮೈಮೇಲೆ ಹಿಡಿದು ನಿಲ್ಲುತ್ತದೆ. ಒಂದು ಕೋಶದ ಮೈಮೇಲೆ ಇಂಥ ಬೊಗಸೆಗಳು ಸಾವಿರ ಸಾವಿರ. ಟಿ ಕೋಶಗಳು ರಕ್ತದಲ್ಲಿ, ಅಂಗಾಂಗಗಳಲ್ಲಿ ಸುತ್ತಾಡುತ್ತಾ ಒಂದೊಂದೇ ಬೊಗಸೆ ಮುಟ್ಟಿ ನೋಡುತ್ತಾ ಹೋಗುತ್ತವೆ. ಎಲ್ಲ ಅಗುಳೂ ಮಾಮೂಲಿಯಾಗಿದ್ದರೆ ಮುಂದಿನ ಮನೆ. ಒಂದು ವಿಚಿತ್ರ ಅಗುಳು ಸಿಕ್ಕಿತೋ, ನಿಲ್ಲುತ್ತದೆ.

ಟಿ ಕೋಶ ಚೂರನ್ನು ಮಾತ್ರ ನೋಡುವುದಿಲ್ಲ, ಅದನ್ನು ಹಿಡಿದ ಬೊಗಸೆಯನ್ನೂ ಸೇರಿಸಿ ನೋಡುತ್ತದೆ. ಇದನ್ನು 1974ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ ತೋರಿಸಿಕೊಟ್ಟರು, 1996ರಲ್ಲಿ ಅದಕ್ಕೆ ನೊಬೆಲ್ ಬಂತು. ಈ ಬೊಗಸೆಯ ಆಕಾರ ಒಬ್ಬರಿಂದ ಒಬ್ಬರಿಗೆ ಬೇರೆ. ಕಿಡ್ನಿ ಕಸಿ ಮಾಡುವಾಗ ಡಾಕ್ಟರು ಎಚ್‌ಎಲ್‌ಎ ಹೊಂದಾಣಿಕೆ ನೋಡಬೇಕು ಅನ್ನುತ್ತಾರಲ್ಲ, ಅದು ಇದೇ. ಒಂದೇ ಬಗೆಯ ಕ್ಯಾನ್ಸರ್ ಇರುವ ಇಬ್ಬರಲ್ಲಿ ಒಬ್ಬರ ಬೊಗಸೆ ಆ ತಪ್ಪು ಚೂರನ್ನು ಗಟ್ಟಿಯಾಗಿ ಹಿಡಿದು ತೋರಿಸಬಹುದು, ಇನ್ನೊಬ್ಬರದು ಜಾರಿಸಿ ಬಿಡಬಹುದು. "ಅವರಿಗೆ ವಾಸಿಯಾಯ್ತು, ನಮಗ್ಯಾಕೆ ಆಗಲಿಲ್ಲ" ಅನ್ನುವ ಪ್ರಶ್ನೆಗೆ ಇರುವ ಹಲವು ಉತ್ತರಗಳಲ್ಲಿ ಇದೂ ಒಂದು.

ಕ್ಯಾನ್ಸರ್ ಕೋಶದ ಬೊಗಸೆಯಲ್ಲಿ ವಿಚಿತ್ರ ಅಗುಳು ಬರುವುದು ಮ್ಯುಟೇಶನ್‌ನಿಂದ, ಅಂದರೆ ಡಿಎನ್‌ಎಯಲ್ಲಾದ ಅಕ್ಷರದೋಷದಿಂದ. ದೋಷ ಹೆಚ್ಚಿದಷ್ಟೂ ಬೇರೆ ಥರದ ಚೂರು ಹೆಚ್ಚು, ಸಿಕ್ಕಿಬೀಳುವ ಸಾಧ್ಯತೆಯೂ ಹೆಚ್ಚು. 2010ರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಒಂದು ಮಾದರಿಯ ಪೂರ್ತಿ ಡಿಎನ್‌ಎ ಓದಿದಾಗ 30,000ಕ್ಕೂ ಹೆಚ್ಚು ಅಕ್ಷರದೋಷಗಳು ಸಿಕ್ಕಿದವು, ಬಹುಪಾಲು ಬಿಸಿಲಿನ ಕೊಡುಗೆ. ಅದೇ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರಿನ ಒಂದು ಮಾದರಿಯನ್ನು ಓದಿದವರು ಸುಮಾರು 15 ಸಿಗರೇಟಿಗೆ ಒಂದು ದೋಷ ಅಂತ ಲೆಕ್ಕ ಹಾಕಿದರು. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಈ ಸಂಖ್ಯೆ ತುಂಬ ಕಡಿಮೆ. ಅಂದರೆ ಜಾಸ್ತಿ ಹಾಳಾದ ಕೋಶವೇ ಟಿ ಕೋಶಕ್ಕೆ ಸುಲಭವಾಗಿ ಕಾಣುತ್ತದೆ. ಈ ವಿಚಿತ್ರ ಮುಂದೆ ಔಷಧಿಯ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಆದರೆ ಅಗುಳು ಸಿಕ್ಕ ಕೂಡಲೇ ಕೊಲ್ಲಲು ಅನುಮತಿ ಇಲ್ಲ. ಟಿ ಕೋಶ ಮೊದಲ ಸಲ ಕೆಲಸಕ್ಕೆ ಇಳಿಯಬೇಕಾದರೆ ಯಾರಾದರೂ ಅದನ್ನು ಎಬ್ಬಿಸಬೇಕು. ಆ ಕೆಲಸ ಡೆಂಡ್ರೈಟಿಕ್ ಕೋಶದ್ದು. ಮರದ ಕೊಂಬೆಗಳಂತೆ ಕೈಚಾಚಿಕೊಂಡು ಚರ್ಮದಲ್ಲಿ, ಕರುಳಿನಲ್ಲಿ, ಗೆಡ್ಡೆಯ ಒಳಗೂ ಕೂತಿರುತ್ತದೆ. ಸತ್ತ ಕ್ಯಾನ್ಸರ್ ಕೋಶದ ತುಣುಕು ನುಂಗಿ, ಹತ್ತಿರದ ದುಗ್ಧಗ್ರಂಥಿಗೆ ನಡೆದು ಹೋಗುತ್ತದೆ. ಗಂಟಲು ಕೆಟ್ಟಾಗ ದವಡೆ ಕೆಳಗೆ ಕೈಗೆ ಸಿಗುವ ಗಂಟು ಇದೆಯಲ್ಲ, ಅದೇ ದುಗ್ಧಗ್ರಂಥಿ. ಅಲ್ಲಿ ಟಿ ಕೋಶಗಳ ಸಂತೆ ನೆರೆದಿರುತ್ತದೆ. ಡೆಂಡ್ರೈಟಿಕ್ ಕೋಶ ತಾನು ತಂದ ಚೂರನ್ನು ಎಲ್ಲರಿಗೂ ತೋರಿಸುತ್ತದೆ. ಲಕ್ಷದಲ್ಲಿ ಒಂದಕ್ಕೋ ಎರಡಕ್ಕೋ ಅದು ಸರಿಯಾಗಿ ಹೊಂದಬಹುದು. ಹೊಂದಿದರೂ ಸಾಲದು, "ಹೌದು, ಅಲ್ಲಿ ನಿಜಕ್ಕೂ ಅಪಾಯ ಇದೆ" ಅನ್ನುವ ಎರಡನೇ ಸಂಕೇತವೂ ಸಿಗಬೇಕು. ಈ ಎರಡನೆಯದು ಸಿಗದೆ ಬರೀ ಚೂರು ಮಾತ್ರ ಕಂಡರೆ ಟಿ ಕೋಶ ಎದ್ದೇಳುವುದಿಲ್ಲ, ಬದಲಿಗೆ "ಇದು ಮಾಮೂಲಿ" ಅಂತ ಕಲಿತು ಶಾಶ್ವತವಾಗಿ ಸುಮ್ಮನಾಗಬಹುದು. ಬ್ಯಾಕ್ಟೀರಿಯಾ ಬಂದಾಗ ಅಪಾಯದ ಸಂಕೇತ ಬೇಕಾದಷ್ಟು ಇರುತ್ತದೆ. ಕ್ಯಾನ್ಸರ್ ಮೆಲ್ಲಗೆ, ಜ್ವರವಿಲ್ಲದೆ, ನೋವಿಲ್ಲದೆ ಬೆಳೆಯುತ್ತದೆ. ಗಂಟೆ ಹೊಡೆಯುವವರೇ ಇಲ್ಲ.

ಈ ಡೆಂಡ್ರೈಟಿಕ್ ಕೋಶವನ್ನು 1973ರಲ್ಲಿ ಗುರುತಿಸಿದವರು ನ್ಯೂಯಾರ್ಕಿನ ರಾಲ್ಫ್ ಸ್ಟೈನ್‌ಮನ್. ಅವರ ಕತೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 2007ರಲ್ಲಿ ಅವರಿಗೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂತು. ಬೇರೆ ಚಿಕಿತ್ಸೆಗಳ ಜೊತೆಗೆ, ತಮ್ಮದೇ ಡೆಂಡ್ರೈಟಿಕ್ ಕೋಶಗಳಿಂದ ತಯಾರಿಸಿದ ಲಸಿಕೆಯನ್ನೂ ತಮ್ಮ ಮೇಲೆ ಪ್ರಯೋಗಿಸಿಕೊಂಡರು. ನಾಲ್ಕೂವರೆ ವರ್ಷ ಬದುಕಿದರು. ಆ ಕ್ಯಾನ್ಸರಿಗೆ ಅದು ದೊಡ್ಡ ಅವಧಿ, ಆದರೆ ಲಸಿಕೆಯಿಂದಲೇ ಅಂತ ಒಬ್ಬರನ್ನು ನೋಡಿ ಹೇಳಲಾಗುವುದಿಲ್ಲ. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಮೂರು ದಿನ ಬಿಟ್ಟು ಅವರಿಗೆ ನೊಬೆಲ್ ಘೋಷಣೆಯಾಯಿತು. ಸತ್ತವರಿಗೆ ನೊಬೆಲ್ ಕೊಡುವ ಪದ್ಧತಿ ಇಲ್ಲ, ಆದರೆ ಸಮಿತಿಗೆ ಸಾವಿನ ಸುದ್ದಿ ಗೊತ್ತೇ ಇರಲಿಲ್ಲ. ಕೊನೆಗೆ ಬಹುಮಾನವನ್ನು ಹಾಗೆಯೇ ಉಳಿಸಿಕೊಂಡರು.

ಎದ್ದ ಟಿ ಕೋಶ ಒಂದಿದ್ದದ್ದು ಸಾವಿರಾರು ಆಗುತ್ತದೆ, ರಕ್ತದ ಮೂಲಕ ಗೆಡ್ಡೆ ಹುಡುಕಿಕೊಂಡು ಬರುತ್ತದೆ. ಅದೇ ಅಗುಳನ್ನು ಹಿಡಿದು ನಿಂತ ಕ್ಯಾನ್ಸರ್ ಕೋಶ ಸಿಕ್ಕಿದರೆ ಮೈಗೆ ಮೈ ಅಂಟಿಸುತ್ತದೆ. ಪರ್ಫೋರಿನ್ ಎಂಬ ಪ್ರೋಟೀನಿನಿಂದ ತೂತು ಕೊರೆದು, ಗ್ರಾಂಜೈಮ್ ಎಂಬ ಕಿಣ್ವವನ್ನು ಒಳಗೆ ಬಿಡುತ್ತದೆ. ಆ ಕಿಣ್ವ ಕ್ಯಾನ್ಸರ್ ಕೋಶದೊಳಗಿನ ಆತ್ಮಹತ್ಯೆಯ ಸ್ವಿಚ್ ಒತ್ತುತ್ತದೆ. ಪಕ್ಕದ ಕೋಶಕ್ಕೆ ಏನೂ ಆಗುವುದಿಲ್ಲ. ಕೆಲಸ ಮುಗಿಸಿ ಟಿ ಕೋಶ ಮುಂದಿನದಕ್ಕೆ ಹೋಗುತ್ತದೆ. ಕೀಮೋಥೆರಪಿಗೆ ಇಷ್ಟು ಚೊಕ್ಕವಾಗಿ ಕೆಲಸ ಮಾಡಲು ಆಗಿದ್ದರೆ ಯಾರ ಕೂದಲೂ ಉದುರುತ್ತಿರಲಿಲ್ಲ.

ಇಷ್ಟು ಓದಿದವರಿಗೆ ಒಂದು ಅನುಮಾನ ಬರಬೇಕು. ಕ್ಯಾನ್ಸರ್ ಕೋಶ ಆ ಬೊಗಸೆಯನ್ನೇ ಒಳಗೆ ಎಳೆದುಕೊಂಡರೆ? ಬೊಗಸೆ ಇಲ್ಲ, ಅಗುಳಿಲ್ಲ, ಟಿ ಕೋಶಕ್ಕೆ ಏನೂ ಕಾಣುವುದಿಲ್ಲ. ಎಷ್ಟೋ ಕ್ಯಾನ್ಸರ್‌ಗಳು ಇದನ್ನೇ ಮಾಡುತ್ತವೆ. ಆಸ್ಟ್ರೇಲಿಯಾದ ಟಾಸ್ಮೇನಿಯನ್ ಡೆವಿಲ್ ಎಂಬ ಪ್ರಾಣಿಗಳಲ್ಲಿ 1996ರಿಂದ ಮುಖದ ಕ್ಯಾನ್ಸರ್ ಒಂದು ಹರಡುತ್ತಿದೆ. ಕಚ್ಚಾಡಿದಾಗ ಒಂದರ ಕ್ಯಾನ್ಸರ್ ಕೋಶವೇ ಇನ್ನೊಂದರ ಮೈಗೆ ಅಂಟಿ ಬೆಳೆಯುತ್ತದೆ. ಬೇರೆ ಪ್ರಾಣಿಯ ಕೋಶ ಮೈಯಲ್ಲಿ ಬೆಳೆಯಲು ಬಿಡಲೇಬಾರದು, ಅಲ್ವಾ? ಆ ಕೋಶಗಳು ಎಂಎಚ್‌ಸಿ ಬೊಗಸೆಯನ್ನು ಮಡಚಿ ಇಟ್ಟುಕೊಂಡಿದ್ದರಿಂದ ಹೊಸ ಪ್ರಾಣಿಯ ಟಿ ಕೋಶಗಳಿಗೆ ಅವು ಪರಕೀಯ ಅಂತ ಗೊತ್ತಾಗುವುದೇ ಇಲ್ಲ.

ಇದಕ್ಕೂ ದೇಹದಲ್ಲಿ ಒಂದು ಮದ್ದಿದೆ, ಎನ್‌ಕೆ ಕೋಶ. ಸ್ಟಾಕ್‌ಹೋಮಿನ ಕ್ಲಾಸ್ ಶೆರೆ 1980ರ ದಶಕದಲ್ಲಿ ಇದರ ಲೆಕ್ಕ ಬಿಡಿಸಿದರು. ಇದು ಉಲ್ಟಾ ನೋಡುತ್ತದೆ. ಟಿ ಕೋಶ ತಪ್ಪು ಅಗುಳನ್ನು ಹುಡುಕಿದರೆ, ಇದು ಬೊಗಸೆಯೇ ಇಲ್ಲದವರನ್ನು ಹುಡುಕುತ್ತದೆ. ತಪಾಸಣೆಗೆ ಬಂದವರ ಮುಂದೆ ಬಾಗಿಲು ಹಾಕಿಕೊಂಡ ಮನೆಯ ಮೇಲೆಯೇ ಅನುಮಾನ ಪಡುವ ಹಾಗೆ. ಅದರ ಜೊತೆಗೆ ಕೋಶದ ಮೇಲೆ ಸಂಕಟದ ಗುರುತುಗಳೂ ಕಂಡರೆ ಕೊಂದುಬಿಡುತ್ತದೆ. ಎಷ್ಟು ಚಂದದ ಏರ್ಪಾಡು ನೋಡಿ, ತೋರಿಸಿದರೆ ಟಿ ಕೋಶಕ್ಕೆ ಸಿಕ್ಕಿಬೀಳಬೇಕು, ಮುಚ್ಚಿಟ್ಟರೆ ಎನ್‌ಕೆ ಕೋಶಕ್ಕೆ.

ಇದೆಲ್ಲ ನಿಜವಾಗಿ ಮನುಷ್ಯರಲ್ಲಿ ನಡೆಯುತ್ತದಾ ಅನ್ನುವ ಜಗಳ ಮಾತ್ರ ನೂರು ವರ್ಷ ನಡೆಯಿತು. 1891ರಲ್ಲಿ ನ್ಯೂಯಾರ್ಕಿನ ಸರ್ಜನ್ ವಿಲಿಯಂ ಕೋಲಿ ಹಳೆಯ ಆಸ್ಪತ್ರೆ ದಾಖಲೆ ತಿರುವುತ್ತಿದ್ದಾಗ ಒಬ್ಬ ರೋಗಿಯ ಕತೆ ಸಿಕ್ಕಿತು. ಕುತ್ತಿಗೆಯ ಗೆಡ್ಡೆ ಕತ್ತರಿಸಿದಷ್ಟೂ ಮತ್ತೆ ಬೆಳೆಯುತ್ತಿತ್ತು, ಅಷ್ಟರಲ್ಲಿ ಆತನಿಗೆ ಚರ್ಮಕ್ಕೆ ಬ್ಯಾಕ್ಟೀರಿಯಾ ಸೋಂಕು ತಗುಲಿ ಜ್ವರ ಬಂತು, ಗೆಡ್ಡೆ ಕರಗಿಹೋಯಿತು. ಕೋಲಿ ಆತನನ್ನು ಹುಡುಕಿಕೊಂಡು ಹೋದರು, ವರ್ಷಗಳ ನಂತರವೂ ಆತ ಆರೋಗ್ಯವಾಗಿದ್ದ. ಆಮೇಲೆ ಕೋಲಿ ಬೇಕೆಂದೇ ರೋಗಿಗಳಿಗೆ ಬ್ಯಾಕ್ಟೀರಿಯಾ ಚುಚ್ಚತೊಡಗಿದರು. ಕೆಲವರಲ್ಲಿ ಗೆಡ್ಡೆ ಹೋಯಿತು, ಕೆಲವರು ಸೋಂಕಿನಿಂದಲೇ ಸತ್ತರು. ಇಂದು ನೋಡಿದರೆ ಅವರು ಮಾಡಿದ್ದು ಏನು ಅಂತ ಅರ್ಥವಾಗುತ್ತದೆ: ಗಂಟೆ ಹೊಡೆದರು, ಅಷ್ಟೆ. ಆಗ ಯಾರಿಗೂ ಅದು ಗೊತ್ತಿರಲಿಲ್ಲ. ವಿಕಿರಣ ಚಿಕಿತ್ಸೆ ಬಂದ ಮೇಲೆ ಜನ ಕೋಲಿಯನ್ನು ಮರೆತೇಬಿಟ್ಟರು. ತಮಾಷೆ ಎಂದರೆ ಅದೇ ಉಪಾಯದ ಸಭ್ಯ ರೂಪ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ದಿನವೂ ನಡೆಯುತ್ತದೆ. ಹುಟ್ಟಿದ ಮಗುವಿನ ತೋಳಿಗೆ ಹಾಕುವ ಬಿಸಿಜಿ ಲಸಿಕೆಯ ಅದೇ ಜೀವಂತ ಬ್ಯಾಕ್ಟೀರಿಯಾವನ್ನು ಆರಂಭಿಕ ಹಂತದ ಮೂತ್ರಕೋಶದ ಕ್ಯಾನ್ಸರಿಗೆ ನಳಿಕೆಯ ಮೂಲಕ ಮೂತ್ರಕೋಶದೊಳಗೆ ಬಿಡುತ್ತಾರೆ. 1976ರಿಂದ ನಡೆದುಬಂದ ಚಿಕಿತ್ಸೆ ಇದು.

1950ರ ದಶಕದಲ್ಲಿ ಬರ್ನೆಟ್ ಮತ್ತು ಲೂಯಿಸ್ ಥಾಮಸ್ ಎಂಬ ವಿಜ್ಞಾನಿಗಳು ದೇಹ ಸದಾ ಕ್ಯಾನ್ಸರ್ ಮೇಲೆ ಕಾವಲಿಟ್ಟಿರುತ್ತದೆ ಅಂದರು. 1974ರಲ್ಲಿ ಸ್ಟುಟ್‌ಮನ್ ಎಂಬುವರು ಥೈಮಸ್ಸೇ ಇಲ್ಲದ ಬೋಳು ಇಲಿಗಳನ್ನು ತೆಗೆದುಕೊಂಡು, ಕ್ಯಾನ್ಸರ್ ತರುವ ರಾಸಾಯನಿಕ ಚುಚ್ಚಿ ನೋಡಿದರು. ಮಾಮೂಲಿ ಇಲಿಗಳಿಗಿಂತ ಹೆಚ್ಚೇನೂ ಗೆಡ್ಡೆ ಬರಲಿಲ್ಲ. ಕಾವಲಿನ ವಾದ ಬಿದ್ದುಹೋಯಿತು, ಸುಮಾರು ಇಪ್ಪತ್ತೈದು ವರ್ಷ ಯಾರೂ ಎತ್ತಲಿಲ್ಲ. ಆಮೇಲೆ ತಿಳಿದದ್ದು, ಆ ಇಲಿಗಳಲ್ಲಿ ಎನ್‌ಕೆ ಕೋಶ ಇದ್ದೇ ಇತ್ತು, ಸ್ವಲ್ಪ ಟಿ ಕೋಶವೂ ಇತ್ತು. 2001ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರಾಬರ್ಟ್ ಶ್ರೈಬರ್ ತಂಡ ಟಿ ಕೋಶ, ಪ್ರತಿಕಾಯ (ಆಂಟಿಬಾಡಿ) ತಯಾರಿಸುವ ಬಿ ಕೋಶ ಎರಡೂ ಪೂರ್ತಿ ಇಲ್ಲದ ಇಲಿಗಳಲ್ಲಿ ಮತ್ತೆ ನೋಡಿತು. ಈ ಸಲ ಗೆಡ್ಡೆಗಳು ಜಾಸ್ತಿ ಬಂದವು. ಒಂದೇ ಒಂದು ತಪ್ಪು ಇಲಿಯಿಂದ ಇಡೀ ಕ್ಷೇತ್ರ ಕಾಲು ಶತಮಾನ ಕಳೆದುಕೊಂಡಿತು ಅಂತ ನನಗೆ ಅನ್ನಿಸುತ್ತದೆ, ಸ್ವಲ್ಪ ಉತ್ಪ್ರೇಕ್ಷೆ ಇರಬಹುದು.

ಅದಕ್ಕಿಂತ ಮೈ ಜುಮ್ಮೆನಿಸುವ ಸಾಕ್ಷಿ ಇನ್ನೊಂದಿದೆ. ಸ್ಕಾಟ್ಲೆಂಡಿನ ಒಬ್ಬ ಮಹಿಳೆಗೆ 1982ರಲ್ಲಿ ಮೆಲನೋಮ ಬಂದು, ಕತ್ತರಿಸಿ ತೆಗೆದು, ಪೂರ್ತಿ ವಾಸಿಯಾಯಿತು ಅಂತ ಹೇಳಿ ಕಳಿಸಿದ್ದರು. 1998ರಲ್ಲಿ ಆಕೆ ಬೇರೆ ಕಾರಣಕ್ಕೆ ತೀರಿಕೊಂಡಾಗ ಎರಡು ಕಿಡ್ನಿಗಳನ್ನು ಇಬ್ಬರಿಗೆ ಕಸಿ ಮಾಡಿದರು. ಒಂದೆರಡು ವರ್ಷದಲ್ಲಿ ಇಬ್ಬರಿಗೂ ಮೆಲನೋಮ ಬಂತು, ಆಕೆಯದೇ. ಹದಿನಾರು ವರ್ಷ ಆಕೆಯ ದೇಹದಲ್ಲಿ ಕ್ಯಾನ್ಸರ್ ಕೋಶಗಳು ಇದ್ದವು, ಮತ್ತು ಹದಿನಾರು ವರ್ಷವೂ ಆಕೆಯ ರೋಗನಿರೋಧಕ ಕೋಶಗಳು ಅವನ್ನು ತಲೆ ಎತ್ತಲು ಬಿಡದೆ ಕಾದಿದ್ದವು. ಕಸಿ ಮಾಡಿಸಿಕೊಂಡವರು ಹೊಸ ಕಿಡ್ನಿ ಉಳಿಸಿಕೊಳ್ಳಲು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ತಿನ್ನಬೇಕು. ಕಾವಲು ತೆಗೆದ ಕೂಡಲೇ ಅದು ಎದ್ದಿತು.

ಶ್ರೈಬರ್ ಇದನ್ನು ಮೂರು ಹಂತವಾಗಿ ನೋಡುತ್ತಾರೆ. ಮೊದಲು ಕೊಲ್ಲುವುದು. ಪೂರ್ತಿ ಕೊಲ್ಲಲಾಗದಿದ್ದರೆ ಈ ಮಹಿಳೆಯಲ್ಲಿ ಆದ ಹಾಗೆ ಎರಡೂ ಕಡೆಯವರು ಸಮಬಲದಲ್ಲಿ ನಿಲ್ಲುವುದು. ಕೊನೆಗೆ ತಪ್ಪಿಸಿಕೊಳ್ಳುವುದು. ಇದರಲ್ಲಿ ಒಂದು ಕಹಿ ಸತ್ಯವಿದೆ. ಕಾವಲು ಚೆನ್ನಾಗಿದ್ದಷ್ಟೂ ಸುಲಭಕ್ಕೆ ಸಿಗುವ ಕೋಶಗಳೆಲ್ಲ ಸಾಯುತ್ತವೆ, ಚಾಣಾಕ್ಷ ಕೋಶಗಳು ಮಾತ್ರ ಉಳಿಯುತ್ತವೆ. ಹೊಲಕ್ಕೆ ಪ್ರತಿ ವರ್ಷ ಒಂದೇ ಕೀಟನಾಶಕ ಹೊಡೆದರೆ ಕೊನೆಗೆ ಅದಕ್ಕೆ ಜಗ್ಗದ ಹುಳು ಉಳಿಯುತ್ತದಲ್ಲ, ಹಾಗೆ. ಡಾಕ್ಟರ ಸ್ಕ್ಯಾನಿನಲ್ಲಿ ಕಾಣುವ ಗೆಡ್ಡೆ ಅಂದರೆ ಆಗಲೇ ಈ ಪರೀಕ್ಷೆಗಳಲ್ಲೆಲ್ಲ ಪಾಸಾದ ಗೆಡ್ಡೆ.

ತಪ್ಪಿಸಿಕೊಳ್ಳುವ ಉಪಾಯಗಳು ಹಲವು. ಬೊಗಸೆ ಮಡಚುವುದು ಒಂದು, ಆಗಲೇ ಹೇಳಿದೆ. ಟ್ರೆಗ್ ಎಂಬ ಕೋಶಗಳನ್ನು ಕರೆತಂದು ಕೂರಿಸಿಕೊಳ್ಳುವುದು ಇನ್ನೊಂದು. ಇವು ಬೇರೆ ಟಿ ಕೋಶಗಳನ್ನು ಸಮಾಧಾನ ಮಾಡುವ ಹಿರಿಯರು, ಇವನ್ನು ಗುರುತಿಸಿದ್ದಕ್ಕೆ 2025ರ ನೊಬೆಲ್ ಬಂತು. ನಮ್ಮ ಅಂಗಗಳ ಮೇಲೆ ನಾವೇ ಬೀಳದಂತೆ ತಡೆಯುವುದು ಇವುಗಳ ಕೆಲಸ, ಗೆಡ್ಡೆ ಆ ಒಳ್ಳೆಯತನವನ್ನು ದುರುಪಯೋಗ ಮಾಡಿಕೊಳ್ಳುತ್ತದೆ. ಕೆಲವು ಗೆಡ್ಡೆಗಳು ಸುತ್ತ ನಾರಿನ ಗೋಡೆ ಕಟ್ಟಿಕೊಂಡು ಟಿ ಕೋಶ ಒಳಗೇ ಬರದಂತೆ ಮಾಡುತ್ತವೆ. ಇದನ್ನು ಕಣ್ಣಾರೆ ನೋಡಬಹುದು. ಪ್ಯಾರಿಸ್‌ನ ಜೆರೋಮ್ ಗಲೋನ್ 2006ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ತುಣುಕುಗಳಲ್ಲಿ ಟಿ ಕೋಶಗಳನ್ನು ಎಣಿಸಿದರು. ಒಳಗೆ ಟಿ ಕೋಶ ತುಂಬಿದ್ದವರು ಹೆಚ್ಚು ಕಾಲ ಬದುಕಿದ್ದರು.

ಆದರೆ ಎಲ್ಲಕ್ಕಿಂತ ಮುಖ್ಯವಾದ ಉಪಾಯ ಬ್ರೇಕ್ ಒತ್ತುವುದು. ಎದ್ದ ಟಿ ಕೋಶದ ಮೈಮೇಲೆ ಬ್ರೇಕುಗಳೂ ಮೂಡುತ್ತವೆ. ಸೋಂಕು ಮುಗಿದ ಮೇಲೂ ಅದು ಕೊಲ್ಲುತ್ತಲೇ ಇರಬಾರದಲ್ಲ. ಅಂಥ ಒಂದು ಬ್ರೇಕು ಪಿಡಿ-1, ಕ್ಯೋಟೊದ ತಸುಕು ಹೊಂಜೊ ಪ್ರಯೋಗಾಲಯದಲ್ಲಿ 1992ರಲ್ಲಿ ಸಿಕ್ಕಿತು. ಕ್ಯಾನ್ಸರ್ ಕೋಶ ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಕೈ ಬೆಳೆಸಿಕೊಂಡು ಈ ಬ್ರೇಕನ್ನು ಅದುಮುತ್ತದೆ. ಟಿ ಕೋಶ ಗೆಡ್ಡೆಯವರೆಗೆ ಬಂದಿದೆ, ಅಗುಳು ಗುರುತಿಸಿದೆ, ಮೈಗೆ ಮೈ ಅಂಟಿಸಿದೆ, ಆದರೂ ಹೊಡೆಯುತ್ತಿಲ್ಲ. ಹೀಗೆ ತಿಂಗಳುಗಟ್ಟಲೆ ನಿಂತರೆ ಸುಸ್ತಾಗಿ ನಿಜಕ್ಕೂ ಕೈಲಾಗದ ಸ್ಥಿತಿಗೆ ಬರುತ್ತದೆ.

ಇನ್ನೊಂದು ಬ್ರೇಕು ಸಿಟಿಎಲ್‌ಎ-4. ಕ್ಯಾಲಿಫೋರ್ನಿಯಾದ ಜೇಮ್ಸ್ ಆಲಿಸನ್ 1994ರ ಕೊನೆಯಲ್ಲಿ ಗೆಡ್ಡೆ ಇರುವ ಇಲಿಗಳಿಗೆ ಈ ಬ್ರೇಕನ್ನು ಮುಚ್ಚಿಹಾಕುವ ಪ್ರತಿಕಾಯ ಚುಚ್ಚಿ ನೋಡಿದರು. ಗೆಡ್ಡೆಗಳು ಕರಗಿದವು. ನಂಬಲಾಗದೆ ಕ್ರಿಸ್‌ಮಸ್ ರಜೆಯಲ್ಲೇ ಮತ್ತೊಮ್ಮೆ ಮಾಡಿದರು. ಅದೇ ಫಲ. ಕ್ಯಾನ್ಸರ್ ಔಷಧಿ ಅಂದರೆ ಕ್ಯಾನ್ಸರನ್ನು ಹೊಡೆಯಬೇಕು ಅಂತಲೇ ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ ಈ ಔಷಧಿ ಕ್ಯಾನ್ಸರನ್ನು ಮುಟ್ಟುವುದೇ ಇಲ್ಲ, ಟಿ ಕೋಶದ ಕಾಲನ್ನು ಬ್ರೇಕಿನ ಮೇಲಿಂದ ಎತ್ತುತ್ತದೆ ಅಷ್ಟೆ. ಕಂಪನಿಗಳು ನಂಬಲು ಒಪ್ಪಲಿಲ್ಲ. ಕೊನೆಗೆ 2011ರಲ್ಲಿ ಇಪಿಲಿಮುಮಾಬ್ ಮಾರುಕಟ್ಟೆಗೆ ಬಂತು, 2014ರಲ್ಲಿ ಪಿಡಿ-1 ತಡೆಯುವ ನಿವೊಲುಮಾಬ್ ಮತ್ತು ಪೆಂಬ್ರೊಲಿಜುಮಾಬ್. 2018ರಲ್ಲಿ ಆಲಿಸನ್, ಹೊಂಜೊ ಇಬ್ಬರಿಗೂ ನೊಬೆಲ್. ಹರಡಿದ ಮೆಲನೋಮ ಅಂದರೆ ಮೊದಲು ಹೆಚ್ಚಿನವರು ಒಂದು ವರ್ಷ ದಾಟುತ್ತಿರಲಿಲ್ಲ. ಎರಡೂ ಬ್ರೇಕು ತೆಗೆದ ರೋಗಿಗಳಲ್ಲಿ ಹತ್ತು ವರ್ಷದ ನಂತರ 43% ಜನ ಬದುಕಿದ್ದಾರೆ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೆ 2015ರಲ್ಲಿ, 90 ದಾಟಿದ ಮೇಲೆ, ಮೆದುಳಿನವರೆಗೆ ಹರಡಿದ ಮೆಲನೋಮ ಇತ್ತು. ಆಪರೇಷನ್, ವಿಕಿರಣದ ಜೊತೆ ಪೆಂಬ್ರೊಲಿಜುಮಾಬ್ ತೆಗೆದುಕೊಂಡರು. ತೀರಿಕೊಂಡದ್ದು 2024ರಲ್ಲಿ, ನೂರು ತುಂಬಿದ ಮೇಲೆ.

ಮೆಲನೋಮಕ್ಕೆ ಯಾಕೆ ಇಷ್ಟು ಚೆನ್ನಾಗಿ ಹಿಡಿಯಿತು? ಆಗ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದಕ್ಕೇ. ಅಕ್ಷರದೋಷ ಜಾಸ್ತಿ, ವಿಚಿತ್ರ ಅಗುಳು ಜಾಸ್ತಿ, ಆಗಲೇ ಬಂದು ನಿಂತ ಟಿ ಕೋಶಗಳೂ ಜಾಸ್ತಿ. ಬ್ರೇಕು ತೆಗೆಯುವುದೊಂದೇ ಬಾಕಿ. ಇದಕ್ಕೆ ಇನ್ನೂ ಸ್ಪಷ್ಟ ಉದಾಹರಣೆ ಗುದನಾಳದ ಕ್ಯಾನ್ಸರಿನ ಒಂದು ಸಣ್ಣ ಗುಂಪು. ಇವರ ಗೆಡ್ಡೆಯಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ, ಹಾಗಾಗಿ ದೋಷಗಳ ರಾಶಿ. 2022ರಲ್ಲಿ ನ್ಯೂಯಾರ್ಕಿನಲ್ಲಿ ಇಂಥ 12 ಜನರಿಗೆ ಆರು ತಿಂಗಳು ಪಿಡಿ-1 ತಡೆಯುವ ಔಷಧಿ ಮಾತ್ರ ಕೊಟ್ಟರು. ಹನ್ನೆರಡೂ ಜನರಲ್ಲಿ ಗೆಡ್ಡೆ ಕಾಣದೇ ಹೋಯಿತು. ಆದರೆ ಟಿ ಕೋಶವೇ ಒಳಗೆ ಬರದ ಗೆಡ್ಡೆಯಲ್ಲಿ ಬ್ರೇಕು ತೆಗೆದು ಏನು ಪ್ರಯೋಜನ? ಗಾಡಿಯೇ ಇಲ್ಲ. ಮೇದೋಜೀರಕದ ಕ್ಯಾನ್ಸರ್ ಹೆಚ್ಚಾಗಿ ಈ ಗುಂಪಿಗೆ ಸೇರುತ್ತದೆ.

ನಮ್ಮ ಕಡೆಯ ದೊಡ್ಡ ತಲೆನೋವು ಬಾಯಿ ಮತ್ತು ಗಂಟಲಿನ ಕ್ಯಾನ್ಸರ್, ಗುಟ್ಕಾ ಹೊಗೆಸೊಪ್ಪಿನ ಫಲ. ಇದಕ್ಕೂ ನಿವೊಲುಮಾಬ್ ಕೆಲಸ ಮಾಡುತ್ತದೆ, ಆದರೆ ಪೂರ್ತಿ ಡೋಸಿನ ಖರ್ಚು ಭರಿಸಲು ನಮ್ಮಲ್ಲಿ ಬೆರಳೆಣಿಕೆಯ ಜನರಿಗೆ ಮಾತ್ರ ಸಾಧ್ಯ. ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು ಒಂದು ಪ್ರಶ್ನೆ ಕೇಳಿದರು: ಬ್ರೇಕು ಮುಚ್ಚಲು ನಿಜಕ್ಕೂ ಅಷ್ಟು ಔಷಧಿ ಬೇಕಾ? ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಮಾಮೂಲಿ ಡೋಸಿನ ಹತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅಗ್ಗದ ಮಾತ್ರೆಗಳ ಚಿಕಿತ್ಸೆಯೊಂದನ್ನೇ ಪಡೆದವರಲ್ಲಿ ಒಂದು ವರ್ಷ ಬದುಕಿದ್ದವರು 16.3%, ಈ ಚಿಕ್ಕ ಡೋಸು ಸೇರಿಸಿದವರಲ್ಲಿ 43.4%. ಹೊಸ ಔಷಧಿ ಕಂಡುಹಿಡಿಯುವುದಕ್ಕಿಂತ ಇದೇನೂ ಸಣ್ಣ ಕೆಲಸ ಅಲ್ಲ ಅಂತ ನನ್ನ ಅಭಿಪ್ರಾಯ.

ಬೊಗಸೆ, ಅಗುಳು, ಡೆಂಡ್ರೈಟಿಕ್ ಕೋಶ ಎಲ್ಲವನ್ನೂ ಬದಿಗಿಟ್ಟು ನೇರವಾಗಿ ಹೋಗುವ ದಾರಿಯೂ ಒಂದಿದೆ, ಕಾರ್-ಟಿ. ರೋಗಿಯ ರಕ್ತದಿಂದ ಟಿ ಕೋಶ ತೆಗೆದು, ಅದಕ್ಕೆ ಕೃತಕ ಕೊಕ್ಕೆಯೊಂದರ ಜೀನ್ ಸೇರಿಸಿ, ಕೋಟಿಗಟ್ಟಲೆ ಬೆಳೆಸಿ ವಾಪಸ್ ಹಾಕುತ್ತಾರೆ. ಕೆಲವು ರಕ್ತದ ಕ್ಯಾನ್ಸರ್‌ಗಳು ಅಂದರೆ ದಾರಿ ತಪ್ಪಿದ ಬಿ ಕೋಶಗಳೇ. ಆ ಕೊಕ್ಕೆ ಬಿ ಕೋಶಗಳ ಮೈಮೇಲಿರುವ ಸಿಡಿ19 ಎಂಬ ಪ್ರೋಟೀನನ್ನು ನೇರವಾಗಿ ಹಿಡಿಯುತ್ತದೆ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ರಕ್ತದ ಕ್ಯಾನ್ಸರ್ ಇದ್ದ ಆರು ವರ್ಷದ ಹುಡುಗಿಗೆ, ಮಕ್ಕಳಲ್ಲಿ ಮೊದಲ ಬಾರಿ, ಹೀಗೆ ಮಾಡಿದಾಗ, ಟಿ ಕೋಶಗಳು ಒಮ್ಮೆಲೇ ಎದ್ದ ರಭಸಕ್ಕೆ ಅವಳು ಸಾವಿನ ಹತ್ತಿರ ಹೋಗಿ ಬಂದಳು. ಸಂಧಿವಾತಕ್ಕೆ ಕೊಡುವ ಒಂದು ಇಂಜೆಕ್ಷನ್ ಉಳಿಸಿತು. ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ 2025ರ ಜನವರಿಯಲ್ಲಿ ಬಂತು. ಅಮೆರಿಕದ ಬೆಲೆಗೆ ಹೋಲಿಸಿದರೆ ತುಂಬ ಕಡಿಮೆ, ಆದರೂ ಲಕ್ಷಗಳ ಲೆಕ್ಕ. ಮತ್ತು ಇದು ಸದ್ಯಕ್ಕೆ ಮುಖ್ಯವಾಗಿ ರಕ್ತದ ಕ್ಯಾನ್ಸರ್‌ಗಳಿಗೆ. ಬಿ ಕೋಶಗಳೆಲ್ಲ ಸತ್ತರೂ ಮನುಷ್ಯ ಬದುಕುತ್ತಾನೆ, ಅದಕ್ಕೇ ಸಿಡಿ19 ನಡೆಯಿತು. ಶ್ವಾಸಕೋಶದ ಗೆಡ್ಡೆಯ ಮೇಲಿರುವ ಪ್ರೋಟೀನು ಒಳ್ಳೆಯ ಶ್ವಾಸಕೋಶದ ಮೇಲೂ ಇದ್ದರೆ ಕೊಕ್ಕೆ ಅದನ್ನೂ ಹಿಡಿಯುತ್ತದೆ.

ಬ್ರೇಕು ತೆಗೆಯುವ ಔಷಧಿಗಳ ಕೆಡುಕೂ ಇದೇ ಜಾತಿಯದು. ಕೂದಲು ಉದುರುವುದು ಅಪರೂಪ, ವಾಂತಿ ಕಡಿಮೆ, ಎಷ್ಟೋ ರೋಗಿಗಳು ಲವಲವಿಕೆಯಿಂದ ಇರುತ್ತಾರೆ. ಆದರೆ ಬ್ರೇಕು ಗೆಡ್ಡೆಯಲ್ಲಿ ಮಾತ್ರ ತೆಗೆಯಲು ಬರುವುದಿಲ್ಲ, ಮೈಯೆಲ್ಲ ತೆಗೆಯುತ್ತದೆ. ಆಗ ಬೇಲಿಯೇ ಎದ್ದು ಹೊಲ ಮೇಯಬಹುದು. ಥೈರಾಯ್ಡ್ ಕೆಡುತ್ತದೆ, ಲಿವರ್, ಶ್ವಾಸಕೋಶ ಊದಿಕೊಳ್ಳುತ್ತವೆ, ಅಪರೂಪಕ್ಕೆ ಹೃದಯ. ಕರುಳಿನ ಮೇಲೆ ಬಿದ್ದರೆ ಭೇದಿ. ಔಷಧಿ ಶುರುವಾದ ವಾರಗಳಲ್ಲೂ ಆಗಬಹುದು, ನಿಲ್ಲಿಸಿ ತಿಂಗಳಾದ ಮೇಲೂ ಆಗಬಹುದು.

ಹಾಗಾಗಿ ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ನಡೆಯುತ್ತಿದ್ದರೆ ಎರಡು ವಿಷಯ. ಬಯಾಪ್ಸಿ ರಿಪೋರ್ಟಿನಲ್ಲಿ "ಪಿಡಿ-ಎಲ್1, ಸಿಪಿಎಸ್ 20" ಅಂತಲೋ "ಎಂಎಸ್‌ಐ ಹೈ" ಅಂತಲೋ ಒಂದು ಸಾಲು ಇರಬಹುದು, ಇಲ್ಲದಿದ್ದರೆ ಆ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಮೊದಲನೆಯದು ಬ್ರೇಕು ಅದುಮುವ ಕೈ ಎಷ್ಟಿದೆ ಅನ್ನುವ ಲೆಕ್ಕ, ಎರಡನೆಯದು ಅಕ್ಷರದೋಷದ ರಾಶಿ ಇದೆ ಅನ್ನುವ ಸುಳಿವು. ಇನ್ನೊಂದು, ದಿನಕ್ಕೆ ನಾಲ್ಕೈದು ಸಲ ಭೇದಿ ಶುರುವಾದರೆ ಹೊರಗಿನ ಊಟದ್ದಿರಬೇಕು ಅಂತ ಮಜ್ಜಿಗೆ ಕುಡಿಸಿ ಕಾಯಬೇಡಿ. ಊರಿನ ಡಾಕ್ಟರ ಹತ್ತಿರ ಹೋದರೂ ಮೊದಲ ಮಾತಿಗೇ ಯಾವ ಇಂಜೆಕ್ಷನ್ ನಡೆಯುತ್ತಿದೆ ಅಂತ ಹೆಸರು ಹೇಳಿ, ಚೀಟಿ ತೋರಿಸಿ. ಮಾಮೂಲಿ ಭೇದಿಯ ಮಾತ್ರೆ ಇದಕ್ಕೆ ಸಾಕಾಗದೇ ಇರಬಹುದು. ಅಲ್ಲಿ ಕರುಳನ್ನು ಕೆಡಿಸುತ್ತಿರುವುದು ಟಿ ಕೋಶವಾಗಿದ್ದರೆ ಅದನ್ನು ತಣಿಸಲು ಸ್ಟೀರಾಯ್ಡ್ ಬೇಕಾಗಬಹುದು, ಮತ್ತು ಅದನ್ನು ತಡಮಾಡದೆ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ ಶುರುಮಾಡಬೇಕು.